ಪತ್ತನಾಜೆಯೊಳಗೆ ಮುಗಿಸಬೇಕಾದ ಮನೆಗೆಲಸ: ಬಾವಿ, ಗೀಸರ್, ಎ.ಸಿ., ಪಿಟ್ಟು – ಓದುಗರ ಪ್ರಶ್ನೆಗಳಿಗೆ ಉತ್ತರ

ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24–25ರ ಹೊತ್ತಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಅಷ್ಟರೊಳಗೆ ಸೌದೆ ಒಳಗೆ ಹಾಕುತ್ತೇವೆ, ಮಾಡಿನ ಹಂಚು ಸರಿಮಾಡುತ್ತೇವೆ. ನೀರಿನ ಪೈಪು, ಗೀಸರ್, ಎ.ಸಿ.ಗಳ ಕೆಲಸವನ್ನೂ ಅದೇ ಸಾಲಿಗೆ ಸೇರಿಸಿಕೊಳ್ಳಿ. ಯಂತ್ರದ ಜೊತೆ ಬರುವ ಪುಸ್ತಕ ಎಲ್ಲ ಊರಿಗೂ ಒಂದೇ. ನಮ್ಮ ಕರಾವಳಿಯ ಉಪ್ಪುಗಾಳಿ, ಮುರಕಲ್ಲಿನ ಬಾವಿಯ ಮೆದು ನೀರು, ನಾಲ್ಕು ತಿಂಗಳ ಪಸೆ ಆ ಪುಸ್ತಕಕ್ಕೆ ಗೊತ್ತಿಲ್ಲ. ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಮೂಲ ಈ ಮೂರರಲ್ಲೇ ಉಂಟು.

ಪ್ರಶ್ನೆ: ಬೇಸಿಗೆಯಿಡೀ ಸರಿಯಾಗಿದ್ದ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಹೋದ ವರ್ಷ ಜೂನ್ ಮೊದಲ ವಾರದಲ್ಲಿ ಒಳಗಿನ ಗೋಡೆಗೆ ನೀರು ಇಳಿಸಲು ಶುರು ಮಾಡಿತು. ಕೆಳಗಿದ್ದ ಕಪಾಟು ಹಾಳಾಯಿತು. ಈ ಸಲ ಹಾಗಾಗದ ಹಾಗೆ ಎಂತ ಮಾಡಬೇಕು? — ಕದ್ರಿ, ಮಂಗಳೂರು

ಉತ್ತರ: ಗಾಳಿಯಲ್ಲಿ ತೇವ ಹೆಚ್ಚಾದಂತೆ ಎ.ಸಿ. ಹಿಂಡುವ ನೀರೂ ಹೆಚ್ಚುತ್ತದೆ. ನಿಮ್ಮ ಅಳತೆಯ ಯಂತ್ರ ಮಳೆಗಾಲದ ಗಾಳಿಯಲ್ಲಿ ಗಂಟೆಗೆ ಒಂದರಿಂದ ಎರಡು ಲೀಟರ್ ನೀರು ಬಿಡುವುದು ಸಹಜ. ಬೇಸಿಗೆಯಲ್ಲಿ ಅರ್ಧ ಕಟ್ಟಿದ ಡ್ರೈನ್ ಪೈಪು ಹೇಗೋ ಸಾಗಿಸುತ್ತದೆ, ಜೂನ್‌ನಲ್ಲಿ ಸೋಲುತ್ತದೆ. ನೀರು ತಟ್ಟೆ ತುಂಬಿ ಗೋಡೆಗೆ ಬರುತ್ತದೆ.

ಮೊದಲು ಎಂ.ಸಿ.ಬಿ. (ಬೋರ್ಡಿನಲ್ಲಿರುವ ಸುರಕ್ಷಾ ಸ್ವಿಚ್) ಆಫ್ ಮಾಡಿ. ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದು ತೊಳೆದು ನೆರಳಿನಲ್ಲಿ ಒಣಗಿಸಿ. ಆಮೇಲೆ ಡ್ರೈನ್ ಪೈಪಿನ ಹೊರತುದಿ ಹುಡುಕಿ. ಒಳಗೆ ಕೈಗೆ ಲೋಳೆಯಂತೆ ಹತ್ತುವ, ಕಂದು ಅಥವಾ ಬಿಳಿ ಬಣ್ಣದ ಪಾಚಿ ಸಿಕ್ಕಿದರೆ ಕಾರಣ ಸಿಕ್ಕಿತು. ನೀರೆಳೆಯುವ ವ್ಯಾಕ್ಯೂಮ್ ಕ್ಲೀನರಿನ ಬಾಯಿಯನ್ನು ಈ ತುದಿಗೆ ಹಿಡಿದು, ಸುತ್ತ ಬಟ್ಟೆ ಸುತ್ತಿ, ಒಂದೆರಡು ನಿಮಿಷ ಎಳೆಯಿರಿ. ಒಳಗಿನಿಂದ ಊದಬೇಡಿ, ಲೋಳೆ ಇನ್ನೊಂದು ಬಾಗಿನಲ್ಲಿ ಹೋಗಿ ಕೂರುತ್ತದೆ. ಕಡೆಗೆ ಒಳಗಿನ ತಟ್ಟೆಗೆ ಒಂದು ಚೊಂಬು ನೀರನ್ನು ನಿಧಾನವಾಗಿ ಹೊಯ್ಯಿರಿ. ಹೊರಗೆ ತಡೆಯಿಲ್ಲದೆ ಸುರಿಯಬೇಕು.

ಪೈಪಿನ ಇಳಿಜಾರು ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇರಲಿ, ಎರಡಿದ್ದರೆ ಇನ್ನೂ ಒಳ್ಳೆಯದು. ನಡುವೆ ಎಲ್ಲೂ ಜೋತುಬಿದ್ದು ಹೊಟ್ಟೆ ಮಾಡಿರಬಾರದು. ಹೆಚ್ಚಿನವರ ಕಣ್ಣಿಗೆ ಬೀಳದ ತಪ್ಪೊಂದು ಉಂಟು: ಪೈಪಿನ ತುದಿಯನ್ನು ಬಕೆಟ್ಟಿನೊಳಗೆ ಅಥವಾ ಚರಂಡಿಯ ತಳಕ್ಕೆ ಇಳಿಸಿರುತ್ತಾರೆ. ಮಳೆ ಬಂದು ಆ ತುದಿ ನೀರಿನಲ್ಲಿ ಮುಳುಗಿತೆಂದರೆ ಪೈಪಿನ ಒಳಗಿನ ಗಾಳಿಗೆ ದಾರಿ ಇಲ್ಲ, ನೀರು ಇಳಿಯುವುದಿಲ್ಲ. ತುದಿ ನೆಲದಿಂದ ನಾಲ್ಕು ಬೆರಳು ಮೇಲಿರಲಿ.

ಇಷ್ಟೆಲ್ಲ ಸರಿಯಿದ್ದೂ ನೀರು ಬಂದರೆ ಮುಚ್ಚಳ ಎತ್ತಿ ಕಾಯಿಲ್ ನೋಡಿ. ಕಾಯಿಲ್ ಪೂರ್ತಿ ಹಿಮ ಕಟ್ಟಿದ್ದರೆ ಫಿಲ್ಟರ್ ಅಥವಾ ಬ್ಲೋವರಿನಲ್ಲಿ ಕೊಳೆ ತುಂಬಿ ಗಾಳಿ ಓಡುತ್ತಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಹಿಮ, ಹೊರಗಿನ ಯಂತ್ರದ ಸಣ್ಣ ಪೈಪಿನ ಬುಡದಲ್ಲೂ ಹಿಮ ಎಂದಾದರೆ ಗ್ಯಾಸ್ ಕಡಿಮೆಯಾದ ಲಕ್ಷಣ. ಆಗ ಮೆಕ್ಯಾನಿಕ್ ಬರಬೇಕು. ಮಳೆಗಾಲದಲ್ಲಿ 18 ಡಿಗ್ರಿಗೆ ಇಡುವುದರಿಂದ ಹಿತವೇನೂ ಹೆಚ್ಚುವುದಿಲ್ಲ. ನಮಗೆ ತೊಂದರೆ ಕೊಡುವುದು ಪಸೆ. 25–26 ಡಿಗ್ರಿ, ಸಣ್ಣ ವೇಗದ ಫ್ಯಾನು, ಬೇಕಾದರೆ ಡ್ರೈ ಮೋಡ್ ಸಾಕು.

ಪ್ರಶ್ನೆ: ನಮ್ಮ ಮನೆ ಸಮುದ್ರದಿಂದ ಇನ್ನೂರು ಮೀಟರ್ ದೂರ. ಎ.ಸಿ.ಗೆ ಪ್ರತಿವರ್ಷ ಗ್ಯಾಸ್ ತುಂಬಿಸುತ್ತಿದ್ದೇನೆ. ಬೀಚ್ ಹತ್ತಿರ ಇರುವವರಿಗೆ ಇದು ಮಾಮೂಲು ಎನ್ನುತ್ತಾರೆ ಮೆಕ್ಯಾನಿಕ್. ಹೌದಾ? — ಮಲ್ಪೆ

ಉತ್ತರ: ಗ್ಯಾಸ್ ಎನ್ನುವುದು ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತು ಉಂಟು. ತೂತು ಹುಡುಕದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ. ಸಮುದ್ರದ ಹತ್ತಿರ ತೂತಾಗುವುದು ಹೆಚ್ಚು ಎಂಬುದು ನಿಜ, ಹಾಗೆಂದು ಅದನ್ನು ಮಾಮೂಲು ಎಂದು ಒಪ್ಪಿಕೊಳ್ಳಬೇಡಿ.

ಈ ಸಲ ಮೆಕ್ಯಾನಿಕ್ ಬಂದಾಗ ಹೀಗೆ ಕೇಳಿ: ಉಳಿದ ಗ್ಯಾಸನ್ನು ಸಿಲಿಂಡರಿಗೆ ಹಿಂದೆಳೆದು, ನೈಟ್ರೋಜನ್ ಒತ್ತಡ ಕೊಟ್ಟು, ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ ಎಂದು. ಮೊದಲು ನೋಡಬೇಕಾದ್ದು ಪೈಪನ್ನು ಯಂತ್ರಕ್ಕೆ ಜೋಡಿಸುವ ಫ್ಲೇರ್ ನಟ್‌ಗಳನ್ನು, ಆಮೇಲೆ ಹೊರಗಿನ ಕಾಯಿಲಿನ ಬಾಗುಗಳನ್ನು. ತೂತು ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪನ್ನು ಕನಿಷ್ಠ 20–30 ನಿಮಿಷ ಓಡಿಸಿ ಪೈಪಿನ ಒಳಗಿನ ಗಾಳಿ ಮತ್ತು ಪಸೆ ತೆಗೆಯಬೇಕು. ಬರೀ ಗ್ಯಾಸ್ ಬಿಟ್ಟು ಗಾಳಿ ಹೊರಡಿಸಿದರೆ ಒಳಗಿನ ಪಸೆ ಕಂಪ್ರೆಸರನ್ನೇ ತಿನ್ನುತ್ತದೆ. ಹೊರಗಿನ ಯಂತ್ರಕ್ಕೆ ಅಂಟಿಸಿದ ಫಲಕದಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಅಷ್ಟನ್ನೇ ತಕ್ಕಡಿಯಲ್ಲಿ ತೂಗಿ ತುಂಬಬೇಕು. ಈಗಿನ ಹೆಚ್ಚಿನ ಯಂತ್ರಗಳಲ್ಲಿರುವ ಆರ್32 ಗ್ಯಾಸಿಗೆ ಬೆಂಕಿ ಹತ್ತುವ ಗುಣ ಸ್ವಲ್ಪ ಉಂಟು. ಕಿಟಕಿ ತೆರೆದಿಟ್ಟು ಕೆಲಸ ಮಾಡಿಸಿ; ಗ್ಯಾಸ್ ಒಳಗಿರುವಾಗ ಬೆಸುಗೆ ಬೇಡವೇ ಬೇಡ.

ಇನ್ನು ಮುಂದಿನ ಆರೈಕೆ. ಎಂ.ಸಿ.ಬಿ. ಆಫ್ ಮಾಡಿ, ಹೊರಗಿನ ಕಾಯಿಲಿಗೆ ತಿಂಗಳಿಗೊಮ್ಮೆ ತೋಟದ ಪೈಪಿನಲ್ಲಿ ಸಿಹಿನೀರನ್ನು ಮೇಲಿನಿಂದ ಕೆಳಕ್ಕೆ ಮೆತ್ತಗೆ ಬಿಡಿ. ಕಾರು ತೊಳೆಯುವ ಜೆಟ್ ಬೇಡ, ಅಲ್ಯೂಮಿನಿಯಂ ಎಲೆಗಳು ಮಡಚಿಕೊಳ್ಳುತ್ತವೆ. ಪಕ್ಕದ ವಯರಿಂಗ್ ಪೆಟ್ಟಿಗೆಗೆ ನೀರು ಹಾರಬಾರದು. ನವೆಂಬರಿನಿಂದ ಮೇ ತನಕ ಈ ಕೆಲಸ ತಪ್ಪಿಸಬೇಡಿ. ಜೋರು ಮಳೆಯ ತಿಂಗಳುಗಳಲ್ಲಿ ಮಳೆಯೇ ತೊಳೆಯುತ್ತದೆ, ಯಂತ್ರ ಸಜ್ಜದ ಅಡಿಯಲ್ಲಿದ್ದರೆ ಮಾತ್ರ ಆಗಲೂ ನೀವೇ ತೊಳೆಯಬೇಕು. ಆಸಿಡ್ ಬೆರೆತ ಕ್ಲೀನರ್ ಹಾಕಲು ಬಿಡಬೇಡಿ. ಆ ದಿನ ಕಾಯಿಲ್ ಫಳಫಳ ಹೊಳೆಯುತ್ತದೆ, ಆದರೆ ತಾಮ್ರಕ್ಕೆ ಸೂಜಿಮೊನೆಯಂಥ ತೂತು ಬೀಳಲು ಅದೇ ದಾರಿ. ಮಳೆಗಾಲದಲ್ಲಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದೆಸುವುದೂ ತಪ್ಪು, ಪಸೆ ಒಳಗೇ ಕೂತು ತುಕ್ಕು ಬೇಗ ಹಿಡಿಯುತ್ತದೆ.

ಯಂತ್ರ ಕೂತಿರುವ ಕಬ್ಬಿಣದ ಸ್ಟ್ಯಾಂಡನ್ನು ಒಮ್ಮೆ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ತುಕ್ಕು ಪದರ ಪದರವಾಗಿ ಉದುರಿದರೆ ಮಳೆಗೆ ಕಾಯಬೇಡಿ, ಈಗಲೇ ಬದಲಿಸಿ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ ಸ್ಟ್ಯಾಂಡು, ಸ್ಟೇನ್‌ಲೆಸ್ ಬೋಲ್ಟು ಹಾಕಿಸಿ. ಮೂವತ್ತು ಕಿಲೋಗೂ ಮೇಲ್ಪಟ್ಟ ಭಾರ ಮೂರನೇ ಮಹಡಿಯಿಂದ ಕಳಚಿ ಬಿದ್ದರೆ ಏನಾದೀತು ಎಂದು ಯೋಚಿಸಿ.

ಪ್ರಶ್ನೆ: 25 ಲೀಟರಿನ ಗೀಸರಿನ ಕೆಳಗಿನ ಸಣ್ಣ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಅದನ್ನು ಡಮ್ಮಿ ಹಾಕಿ ಮುಚ್ಚಿಬಿಡಿ ಎಂದು ಒಬ್ಬರು ಹೇಳಿದರು. ಮುಚ್ಚಬಹುದಾ? — ಬ್ರಹ್ಮಾವರ

ಉತ್ತರ: ಖಂಡಿತ ಬೇಡ. ಅದು ಗೀಸರಿನ ಪ್ರಾಣ ಕಾಯುವ ವಾಲ್ವು, ನಿಮ್ಮದೂ ಹೌದು. ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದಿಯುತ್ತಲೇ ಹೋದರೆ ಒತ್ತಡಕ್ಕೆ ಹೊರದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕ್ ಸಿಡಿಯುತ್ತದೆ.

ಯಾವಾಗ ತೊಟ್ಟಿಕ್ಕುತ್ತದೆ ಎಂದು ಗಮನಿಸಿ. ನೀರು ಕಾಯುವಾಗ ಮಾತ್ರ ಎಂದಾದರೆ ಚಿಂತೆ ಇಲ್ಲ. 25 ಲೀಟರ್ ನೀರು 27 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು ಕಾಲು ಲೀಟರಿಗಿಂತ ಹೆಚ್ಚೇ ಹಿಗ್ಗುತ್ತದೆ. ಆ ಹೆಚ್ಚಾದದ್ದು ಎಲ್ಲಾದರೂ ಹೋಗಲೇಬೇಕು. ಹಗಲು ರಾತ್ರಿ ತೊಟ್ಟಿಕ್ಕಿದರೆ, ಮತ್ತು ನಿಮ್ಮ ನೀರು ಮಾಡಿನ ಮೇಲಿನ ಟ್ಯಾಂಕಿನಿಂದ ಬರುವುದಾದರೆ, ಒತ್ತಡ ಕಾರಣ ಅಲ್ಲ. ಹತ್ತು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಒಂದು ಬಾರ್ ಅಷ್ಟೆ. ವಾಲ್ವಿನ ಸೀಟಿನಲ್ಲಿ ಮರಳಿನ ಕಣವೋ ಕೆಂಪು ಕೆಸರೋ ಸಿಕ್ಕಿಕೊಂಡಿದೆ. ನೀರು ತಣಿದಿರುವಾಗ ಅದರ ಲಿವರನ್ನು ಎರಡು ಮೂರು ಸಲ ಎತ್ತಿ ಬಿಡಿ, ರಭಸಕ್ಕೆ ಕೊಳೆ ಹೊರಗೆ ಹೋಗುತ್ತದೆ. ಆದರೂ ನಿಲ್ಲದಿದ್ದರೆ ಅದೇ ಬಾರ್ ಅಳತೆಯ ಹೊಸ ವಾಲ್ವು ಹಾಕಿಸಿ.

ಹೇಗೂ ಪ್ಲಂಬರ್ ಬರುತ್ತಾರಲ್ಲ, ಮೆಗ್ನೀಶಿಯಂ ರಾಡನ್ನೂ ತೆಗೆಸಿ ನೋಡಿ. ನಮ್ಮ ಬಾವಿನೀರು ಮೆದು, ಕಲ್ಲು ಕಟ್ಟುವುದು ಕಡಿಮೆ. ಆದರೆ ತುಸು ಆಮ್ಲೀಯ, ಲೋಹವನ್ನು ತಿನ್ನುವ ನೀರು. ಟ್ಯಾಂಕನ್ನು ತಿನ್ನುವ ಬದಲು ಈ ರಾಡನ್ನು ತಿನ್ನಲಿ ಎಂದೇ ಅದನ್ನು ಹಾಕಿರುವುದು. ಹೊಸತರಲ್ಲಿ ಹೆಬ್ಬೆರಳಿನಷ್ಟು ದಪ್ಪ ಇರುವ ರಾಡು, ನಾಲ್ಕು ವರ್ಷ ನೋಡದೆ ಬಿಟ್ಟ ಗೀಸರಿನಿಂದ ಹೊರಬರುವಾಗ ಗೆದ್ದಲು ತಿಂದ ಕೋಲಿನ ಹಾಗೆ ಗಂಟು ಗಂಟಾಗಿ, ನಡುವಿನ ಉಕ್ಕಿನ ತಂತಿ ಕಾಣುವ ಹಾಗೆ ಇರುತ್ತದೆ. ಅರ್ಧ ಸವೆದರೇ ಬದಲಿಸಿ. ಎಂ.ಸಿ.ಬಿ. ಆಫ್ ಮಾಡಿ, ನೀರು ತಣಿಯಲು ಬಿಟ್ಟು, ಒಳಬರುವ ವಾಲ್ವು ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಆಮೇಲೆ ಒಳಪೈಪು ಬಿಚ್ಚಿದರೆ ಟ್ಯಾಂಕ್ ಬರಿದಾಗುತ್ತದೆ. ತಳದ ಪ್ಲೇಟ್ ಬಿಚ್ಚಿದ ಮೇಲೆ ಹಳೆಯ ಗ್ಯಾಸ್ಕೆಟ್ಟನ್ನೇ ತಿರುಗಿ ಹಾಕಬಾರದು. ಟ್ಯಾಂಕ್ ಪೂರ್ತಿ ತುಂಬಿ ನಲ್ಲಿಯಲ್ಲಿ ಒಂದೇ ಸಮ ನೀರು ಬಂದ ಮೇಲಷ್ಟೇ ಸ್ವಿಚ್ ಹಾಕಿ.

ಕೇಳದಿದ್ದರೂ ಒಂದು ಮಾತು: ನಮ್ಮಲ್ಲಿ ನಲ್ಲಿ ನೀರೇ 27 ಡಿಗ್ರಿ ಆಸುಪಾಸು ಇರುತ್ತದೆ. ಎರಡು ಕಿಲೋವಾಟ್ ಗೀಸರ್ 15 ಲೀಟರನ್ನು 57 ಡಿಗ್ರಿಗೆ ಏರಿಸಲು ಸುಮಾರು 16 ನಿಮಿಷ, ಅರ್ಧ ಯೂನಿಟ್ ವಿದ್ಯುತ್ತು ಸಾಕು. ಇಬ್ಬರ ಸ್ನಾನಕ್ಕೆ ಧಾರಾಳ. ದಿನವಿಡೀ ಆನ್ ಇಡುವ ಅಗತ್ಯವೇ ಇಲ್ಲ.

ಪ್ರಶ್ನೆ: ಮೊದಲ ಮಳೆಗೆ ನಮ್ಮ ಬಾವಿನೀರು ಕೆಂಪಾಗುತ್ತದೆ. ಬ್ಲೀಚಿಂಗ್ ಪೌಡರ್ ಎಷ್ಟು, ಹೇಗೆ ಹಾಕುವುದು? ಅಂದಾಜಿಗೆ ಒಂದು ಕಿಲೋ ಹಾಕಿದರೆ ತಪ್ಪಾ? — ಬಂಟ್ವಾಳ

ಉತ್ತರ: ತಪ್ಪೇ. ಅಂದಾಜು ಬೇಡ, ಲೆಕ್ಕ ಸುಲಭ ಉಂಟು. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಸಿಗುವುದು ಲೀಟರ್ ಲೆಕ್ಕ. ಆಳ ನೋಡಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದಷ್ಟನ್ನು ಅಳೆಯಿರಿ. ಮೂರು ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರು ಎಂದರೆ 3 × 3 × 4 × 785, ಅಂದರೆ 28,260 ಲೀಟರ್. ಒಳ್ಳೆಯ ಪೌಡರ್ ಆದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ನಿಮಗೆ ಬೇಕಾದ್ದು 70 ಗ್ರಾಂ. ಕಿಲೋ ಹಾಕಿದರೆ ಹದಿನಾಲ್ಕು ಪಟ್ಟು ಆಯಿತು.

ಪೌಡರನ್ನು ನೇರ ಬಾವಿಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಎಳೆದಾಡಿ ಬೆರೆಸಿ. ತಳದ ಸುಣ್ಣ ಬಾವಿಗೆ ಬೀಳಬಾರದು, ನೀರು ಗಡುಸಾಗುತ್ತದೆ. ಒಂದು ಗಂಟೆಯಾದರೂ ನೀರು ಸೇದಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು. ಪೌಡರ್ ಹೊಸತಾಗಿರಲಿ. ಹೋದ ವರ್ಷದ ತೆರೆದ ಪ್ಯಾಕೆಟಿನಲ್ಲಿ ಉಳಿದಿರುವುದು ಹೆಚ್ಚಾಗಿ ಸುಣ್ಣ ಮಾತ್ರ.

ಆದರೆ ಕೆಂಪು ನೀರಿಗೆ ಹಾಕಿದ ಕ್ಲೋರಿನ್ ಕೆಸರಿನಲ್ಲೇ ಮುಗಿದುಹೋಗುತ್ತದೆ. ಮಣ್ಣು ತಳಕ್ಕೆ ಕೂತ ಮೇಲೆ ಹಾಕಿ, ಅಲ್ಲಿಯ ತನಕ ಕುಡಿಯುವ ನೀರನ್ನು ಕುದಿಸಿ. ಮತ್ತು ಕೆಂಪು ನೀರು ಎಲ್ಲಿಂದ ಬರುತ್ತದೆ ಎಂದು ನೋಡಿ. ಬಾವಿಕಟ್ಟೆಯ ಬುಡದಲ್ಲಿ ಬಿರುಕಿದ್ದರೆ ಸಿಮೆಂಟ್ ಹಾಕಿ. ಅಂಗಳದ ನೀರು ಬಾವಿಯ ಕಡೆ ಹರಿಯದ ಹಾಗೆ ಕಣಿ ತಿರುಗಿಸಿ. ಈ ಎರಡು ಕೆಲಸ ಮೇ ತಿಂಗಳಲ್ಲೇ ಆಗಬೇಕು.

ಮುಖ್ಯವಾದ ಎಚ್ಚರಿಕೆ: ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದಕ್ಕೊಂದು ತಾಗಬಾರದು. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಪ್ರಶ್ನೆ: ಆಟಿ ತಿಂಗಳು (ಜುಲೈ–ಆಗಸ್ಟ್) ಬಂತೆಂದರೆ ನಮ್ಮ ಶೌಚಾಲಯದಲ್ಲಿ ನೀರು ಇಳಿಯುವುದಿಲ್ಲ, ಗುಳುಗುಳು ಎನ್ನುತ್ತದೆ. ಮಳೆ ಬಿಟ್ಟ ಮೇಲೆ ತನ್ನಷ್ಟಕ್ಕೆ ಸರಿಯಾಗುತ್ತದೆ. ಆಗಲೇ ಪಿಟ್ಟು ಖಾಲಿ ಮಾಡಿಸಬೇಕಾ? — ಕಾಪು

ಉತ್ತರ: ಆಟಿಯಲ್ಲಿ ಬೇಡ, ಈಗ ಮಾಡಿಸಿ. ತಗ್ಗಿನ ಜಾಗದಲ್ಲಿ ಜುಲೈ ಹೊತ್ತಿಗೆ ನೆಲದೊಳಗಿನ ನೀರು ಪಿಟ್ಟಿನ ಮಟ್ಟಕ್ಕೇ ಏರಿರುತ್ತದೆ, ಪಿಟ್ಟಿನ ನೀರು ಇಂಗಲು ಜಾಗ ಇರುವುದಿಲ್ಲ. ಆಗ ಖಾಲಿ ಮಾಡಿಸಿದರೆ ಒಂದೆರಡು ದಿನದಲ್ಲಿ ಹೊರಗಿನ ನೀರೇ ಒಳಗೆ ತುಂಬುತ್ತದೆ. ಸುತ್ತಲಿನ ಒದ್ದೆ ಮಣ್ಣಿನ ಒತ್ತಡಕ್ಕೆ ಖಾಲಿ ಪಿಟ್ಟಿನ ಗೋಡೆ ಕುಸಿಯುವ ಅಪಾಯವೂ ಉಂಟು. ಮೇ ತಿಂಗಳಲ್ಲಿ ಸಕ್ಕಿಂಗ್ ಮೆಷಿನ್ ತರಿಸಿ. ಯಾರನ್ನೂ ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅದು ಅಪರಾಧ, ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಮಾಡಿನ ದಂಬೆಯ ನೀರಾಗಲಿ ಅಂಗಳದ ನೀರಾಗಲಿ ಈ ಲೈನಿಗೆ ಸೇರುತ್ತಿದೆಯೇ ನೋಡಿ. ಹಲವು ಮನೆಗಳ ತೊಂದರೆ ಅಷ್ಟರಿಂದಲೇ. ಚೇಂಬರಿನ ಮುಚ್ಚಳ ನೆಲದಿಂದ ಆರು ಇಂಚು ಮೇಲಿರಲಿ. ಗುಳುಗುಳು ಸದ್ದಿಗೆ ವೆಂಟ್ ಪೈಪು ಕಟ್ಟಿರುವುದೂ ಕಾರಣವಾಗುತ್ತದೆ. ತುದಿಯ ಬಲೆಯಲ್ಲಿ ಎಲೆ, ಹಕ್ಕಿಗೂಡು ಇದ್ದರೆ ತೆಗೆಯಿರಿ. ಬಾವಿ ಪಿಟ್ಟಿನಿಂದ 15 ಮೀಟರಿಗಿಂತ ಹತ್ತಿರ ಇದ್ದರೆ ನೀರನ್ನು ಕುದಿಸದೆ ಕುಡಿಯಬೇಡಿ. ಮುರಕಲ್ಲಿನಲ್ಲಿ ತೂತು ಬಿರುಕು ಹೆಚ್ಚು; ಇಲ್ಲಿ 15 ಮೀಟರ್ ಕೂಡ ಪೂರ್ತಿ ಭರವಸೆ ಅಲ್ಲ.

ಪ್ರಶ್ನೆ: ನೀರಿನ ರೇಷನಿಂಗ್ ಇದ್ದಾಗ ಟ್ಯಾಂಕ್ ಖಾಲಿಯಾಗಿತ್ತು. ಮಧ್ಯಾಹ್ನ ನೀರು ಬಂದ ಕೂಡಲೇ ಸೋಲಾರ್ ವಾಟರ್ ಹೀಟರಿನ ನಾಲ್ಕು ಗ್ಲಾಸ್ ಟ್ಯೂಬ್ ಪಟಪಟ ಒಡೆದವು. ಯಾಕೆ? — ಉಡುಪಿ

ಉತ್ತರ: ನೀರಿಲ್ಲದ ಟ್ಯೂಬು ಬಿಸಿಲಿನಲ್ಲಿ ನೂರು ಡಿಗ್ರಿಯನ್ನು ಎಷ್ಟೋ ಮೀರಿ ಕಾಯುತ್ತದೆ. ಅದಕ್ಕೆ ತಣ್ಣೀರು ನುಗ್ಗಿದರೆ ಗಾಜು ತಡೆಯದು. 2019ರ ಮೇ ತಿಂಗಳಿನಂತೆ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲೋ ಮಂಗಳೂರಿನ ತುಂಬೆ ಅಣೆಕಟ್ಟಿನಲ್ಲೋ ನೀರು ತಳ ಕಂಡ ವರ್ಷಗಳಲ್ಲಿ ಈ ನಷ್ಟ ತಪ್ಪಿಸಲು ದಾರಿ ಒಂದೇ. ಟ್ಯಾಂಕ್ ಬರಿದಾದ ದಿನ ಸೋಲಾರಿಗೆ ಹೋಗುವ ವಾಲ್ವು ಮುಚ್ಚಿ, ಟ್ಯೂಬುಗಳ ಮೇಲೆ ದಪ್ಪ ಬಟ್ಟೆ ಹೊದೆಸಿ. ಹೊತ್ತು ಮುಳುಗಿದ ಮೇಲೋ ಬೆಳಿಗ್ಗೆ ಬಿಸಿಲೇರುವ ಮೊದಲೋ ವಾಲ್ವು ತೆರೆಯಿರಿ. ಹೊಸ ಟ್ಯೂಬ್ ಹಾಕುವಾಗ ರಬ್ಬರ್ ರಿಂಗನ್ನೂ ಹೊಸತೇ ಹಾಕಿಸಿ.

ಪ್ರಶ್ನೆ: ಬಚ್ಚಲೊಲೆಯ ಮೇಲೆ ತಾಮ್ರದ ಬಾಯ್ಲರ್, ಅದರಿಂದ ಸ್ನಾನದ ಮನೆಗೆ ಜಿ.ಐ. ಪೈಪು. ಪೈಪು ಎರಡೇ ವರ್ಷದಲ್ಲಿ ತೂತಾಯಿತು. — ಮೂಡುಬಿದಿರೆ

ಉತ್ತರ: ತಾಮ್ರವನ್ನು ದಾಟಿ ಬಂದ ನೀರು ಮುಂದಿನ ಜಿ.ಐ. ಪೈಪಿನ ಸತುವನ್ನೂ ಕಬ್ಬಿಣವನ್ನೂ ತಿನ್ನುತ್ತದೆ, ನೀರು ಬಿಸಿಯಾದಷ್ಟೂ ಬೇಗ. ಬಾಯ್ಲರಿನ ಬಾಯಿಂದ ಒಂದು ಮೀಟರ್ ತಾಮ್ರದ ಪೈಪು ತೆಗೆದುಕೊಂಡು, ಹಿತ್ತಾಳೆ ಕೂಡಿಕೆ ಹಾಕಿ, ಅಲ್ಲಿಂದ ಮುಂದೆ ಬಿಸಿನೀರಿನ ಸಿ.ಪಿ.ವಿ.ಸಿ. ಪೈಪು ಎಳೆಸಿ. ಸಾಮಾನ್ಯ ಬಿಳಿ ಪಿ.ವಿ.ಸಿ. ಬಿಸಿಗೆ ಬಾಗುತ್ತದೆ. ಬಾಯ್ಲರಿನ ಗಾಳಿಪೈಪು ಮೇಲಿನ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ತೆರೆದೇ ಇರಬೇಕು, ಅದಕ್ಕೆ ಎಲ್ಲೂ ವಾಲ್ವು ಇರಕೂಡದು.

ಪ್ರಶ್ನೆ: ನಾವು ಇರುವುದು ದುಬೈಯಲ್ಲಿ. ಮೇ ಕೊನೆಗೆ ಮನೆಗೆ ಬೀಗ ಹಾಕಿದರೆ ತೆರೆಯುವುದು ಡಿಸೆಂಬರಿನಲ್ಲಿ. ಬಂದಾಗ ಮನೆಯಿಡೀ ವಾಸನೆ, ಬಚ್ಚಲಲ್ಲಿ ಜಿರಳೆ, ನಲ್ಲಿ ತಿರುಗುವುದಿಲ್ಲ. — ಶಿರ್ವ

ಉತ್ತರ: ವಾಸನೆ, ಜಿರಳೆ ಎರಡೂ ಬರುವುದು ನೆಲದ ಜಾಲಿಯ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತ ನೀರು ಆರಿದಾಗ. ಹೊರಡುವ ದಿನ ಪ್ರತಿ ಜಾಲಿಗೂ ಅರ್ಧ ಬಕೆಟ್ ನೀರು ಹೊಯ್ದು, ಅದರ ಮೇಲೆ ಎರಡು ಚಮಚ ತೆಂಗಿನೆಣ್ಣೆ ಬಿಡಿ. ಎಣ್ಣೆ ಪದರ ನೀರನ್ನು ಆರಲು ಬಿಡುವುದಿಲ್ಲ. ವಾಷ್‌ಬೇಸಿನ್ನಿಗೂ, ಕಮೋಡಿಗೂ ಹಾಗೆಯೇ ಮಾಡಿ, ಕಮೋಡಿನ ಮುಚ್ಚಳ ಹಾಕಿ.

ಮೇನ್ ವಾಲ್ವು ಮುಚ್ಚಿ, ಮೇಲಿನ ಟ್ಯಾಂಕ್ ತೊಳೆದು ಬರಿದು ಮಾಡಿ. ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ಗಾಳಿಗೆ ಉರುಳದಂತೆ ಹಗ್ಗ ಬಿಗಿಯಿರಿ, ಮುಚ್ಚಳ ಕಟ್ಟಿ. ಗೀಸರ್ ಬರಿದಾಗಲಿ, ಅದರ ಸ್ವಿಚ್ಚಿಗೆ ಕಾಗದ ಅಂಟಿಸಿ ‘ನೀರಿಲ್ಲ’ ಎಂದು ಬರೆಯಿರಿ; ಡಿಸೆಂಬರಿನಲ್ಲಿ ಬಂದ ದಿನದ ಗಡಿಬಿಡಿಯಲ್ಲಿ ಯಾರೋ ಸ್ವಿಚ್ ಒತ್ತಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಸೋಲಾರ್ ಇದ್ದರೆ ಟ್ಯೂಬುಗಳಿಗೆ ಬಟ್ಟೆ ಹೊದೆಸಿ. ಎ.ಸಿ.ಯನ್ನು ಕಡೆಯ ದಿನ ಎರಡು ಗಂಟೆ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿದರೆ ಕಾಯಿಲ್ ಒಣಗಿ ಬೂಸ್ಟು ಕಡಿಮೆಯಾಗುತ್ತದೆ. ರಿಮೋಟಿನ ಸೆಲ್ ತೆಗೆದಿಡಿ.

ನಲ್ಲಿ ಬಿಗಿಯುವುದು ಒಂದೇ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ನಿಂತದ್ದರಿಂದ. ಗೇಟ್ ವಾಲ್ವುಗಳನ್ನು ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದೆ ತಿರುಗಿಸಿ ಬಿಡಿ, ತಿರುಪಿನ ಮೇಲೆ ಒಂದು ಹನಿ ಎಣ್ಣೆ ಹಾಕಿ. ಈಗಾಗಲೇ ಸಿಕ್ಕಿಕೊಂಡದ್ದನ್ನು ಪಾನಾ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಅದರ ಜಾಗಕ್ಕೆ ಬಾಲ್ ವಾಲ್ವು ಹಾಕಿಸುವುದೇ ಮೇಲು. ಬೀಗದ ಕೈ ನೆರೆಮನೆಯವರಲ್ಲಿದ್ದರೆ ತಿಂಗಳಿಗೊಮ್ಮೆ ಬಂದು ಜಾಲಿಗಳಿಗೆ ಒಂದೊಂದು ಚೊಂಬು ನೀರು ಹಾಕಲು, ಕಿಟಕಿ ಅರ್ಧ ದಿನ ತೆರೆದಿಡಲು ಕೇಳಿಕೊಳ್ಳಿ. ಚೊಂಬನ್ನೂ ಒಂದು ಬಕೆಟ್ ನೀರನ್ನೂ ಬಚ್ಚಲಲ್ಲೇ ಮುಚ್ಚಿಟ್ಟು ಹೋಗಿ, ಮೇನ್ ವಾಲ್ವು ಮುಚ್ಚಿರುತ್ತದಲ್ಲ.